1333 ದೊಡ್ಡದೋ, 5 ದೊಡ್ಡದೋ?

ನನ್ನ ಅಕ್ಕನ ಮಗ ಕಲಬುರಗಿಯ ನೆಹರು ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ತೊಗರಿ ಸೀಸನ್ ಶುರುವಾಗುವ ಮೊದಲು ಆಫೀಸಿನ ಕಂಪ್ಯೂಟರ್ ಬದಲಿಸು ಅಂತ ಸಾವ್ಕಾರರು ಹೇಳಿದ್ದರು. ಹೊಸದಲ್ಲ, ಸೆಕೆಂಡ್ ಹ್ಯಾಂಡ್. ಒಂದು ಮಧ್ಯಾಹ್ನ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರಿಂದ ಫೋಟೋ ಕಳಿಸಿದ. ಪಕ್ಕಪಕ್ಕದಲ್ಲಿ ಎರಡು ಸಿಪಿಯು ಡಬ್ಬ, ಎರಡರ ಮೇಲೂ ಪ್ರೊಸೆಸರಿನ ಹೆಸರು, ಗಿಗಾಹರ್ಟ್ಸ್, ಬಸ್ ಸ್ಪೀಡ್ ಬರೆದ ಒಂದೊಂದು ಬಿಳಿ ಚೀಟಿ. ಒಂದರಲ್ಲಿ 'ಕೋರ್ 2 ಡ್ಯೂಯೊ ಇ8400, 3.0, ಬಸ್ 1333'. ಇನ್ನೊಂದರಲ್ಲಿ 'ಐ5-2400, 3.1, ಬಸ್ 5 ಜಿಟಿ'. ಫೋಟೋದ ಹಿಂದೆಯೇ ಫೋನ್ ಬಂತು.

"ಮಾಮಾ, ಇದ್ರಾಗ ಬಸ್ 1333 ಅದ, ಅದ್ರಾಗ ಬರೇ 5. ಬಸ್ ಜಾಸ್ತಿ ಇದ್ದದ್ದೇ ಫಾಸ್ಟ್ ಅಂತ ಅಂಗಡಿಯಾಂವ ಹೇಳ್ತಾನ. ಮತ್ತ 5 ಇದ್ದದ್ದಕ್ಕ ರೇಟ್ ಯಾಕ ಜಾಸ್ತಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಮಾತ್ರ ಫೋನಿನಲ್ಲಿ ಮುಗಿಯುವಂಥದ್ದಲ್ಲ. "ದುಡ್ಡು ಕೊಡಬ್ಯಾಡ, ಸಂಜಿಗೆ ಬರ್ತೀನಿ" ಅಂದೆ.

ಬಸ್ ಅಂದರೆ ಕಂಪ್ಯೂಟರಿನೊಳಗೆ ಒಂದು ಚಿಪ್‌ನಿಂದ ಇನ್ನೊಂದಕ್ಕೆ ಡೇಟಾ ಓಡಾಡುವ ದಾರಿ. ಮದರ್‌ಬೋರ್ಡಿನ ಮೇಲೆ ಕೂದಲಿನಂತೆ ಕಾಣುವ ತಾಮ್ರದ ಗೆರೆಗಳಿವೆಯಲ್ಲ, ಅವೇ. ಹೆಸರು ಬಂದದ್ದು ಲ್ಯಾಟಿನ್‌ನ 'ಓಮ್ನಿಬಸ್'ನಿಂದ. 'ಎಲ್ಲರಿಗೂ' ಅಂತ ಅರ್ಥ. ಆಳಂದಕ್ಕೆ ಹೋಗುವ ಕೆಂಪು ಬಸ್ಸಿನ ಹೆಸರಿಗೂ ಅದೇ ಮೂಲ. ಹಳೆಯ ಕಂಪ್ಯೂಟರುಗಳಿಗೆ ಈ ಹೆಸರು ಚೆನ್ನಾಗಿ ಒಪ್ಪುತ್ತಿತ್ತು. ಯಾಕೆಂದರೆ ಪ್ರೊಸೆಸರಿಗೆ ಬರುವುದು, ಅಲ್ಲಿಂದ ಹೋಗುವುದು ಎಲ್ಲವೂ ಒಂದೇ ದಾರಿಯಲ್ಲಿ ನಡೆಯಬೇಕಿತ್ತು. ಅದಕ್ಕೆ ಫ್ರಂಟ್ ಸೈಡ್ ಬಸ್ ಅಂತಿದ್ದರು.

ಗಂಜ್‌ನಲ್ಲಿ ಕೆಲಸ ಮಾಡುವ ಹುಡುಗನಿಗೆ ಇದನ್ನು ತಂತಿ, ಚಿಪ್ ಅಂತ ಹೇಳುವುದಕ್ಕಿಂತ ದಾಲ್ ಮಿಲ್ ಲೆಕ್ಕದಲ್ಲಿ ಹೇಳುವುದೇ ಸುಲಭ. ಕಪನೂರ ಕಡೆ ಒಂದು ಮಿಲ್ ಇದೆ ಅಂದುಕೊಳ್ಳಿ. ತೊಗರಿ ಒಡೆಯುವ ಯಂತ್ರವೇ ಪ್ರೊಸೆಸರ್. ಗಂಜ್‌ನಲ್ಲಿರುವ ಗೋದಾಮು ರ‍್ಯಾಮ್. ಗೋದಾಮಿನಿಂದ ಮಿಲ್ಲಿಗೆ ಚೀಲ ತರುವ ರಸ್ತೆ, ಅದರ ಮೇಲೆ ಓಡುವ ಟಂಟಂ ಗಾಡಿ, ಇವೆರಡೂ ಸೇರಿ ಬಸ್. ಜೇವರ್ಗಿ, ಚಿತ್ತಾಪುರದ ಹಳ್ಳಿಗಳಲ್ಲಿ ರೈತರ ಮನೆಯಲ್ಲಿರುವ ತೊಗರಿ ಹಾರ್ಡ್ ಡಿಸ್ಕ್. ಮಿಲ್ಲಿನ ಒಳಗೆ, ಯಂತ್ರದ ಬಾಯಿಯ ಪಕ್ಕದಲ್ಲೇ ಹಮಾಲರು ಒಂದು ಸಣ್ಣ ರಾಶಿ ಹಾಕಿಟ್ಟಿರುತ್ತಾರೆ. ಆ ರಾಶಿ ಕ್ಯಾಶ್ ಮೆಮೊರಿ. ಇದನ್ನು ನೆನಪಿಡಿ, ಮುಂದೆ ತುಂಬ ಕೆಲಸಕ್ಕೆ ಬರುತ್ತದೆ.

ಮೊದಲು ಆ 1333ರ ವಿಷಯ. ಅದು ನಿಜವಾದ ಮೆಗಾಹರ್ಟ್ಸ್ ಅಲ್ಲ. ಬಸ್ಸಿಗೆ ತಾಳ ಹಾಕುವ ಕ್ಲಾಕ್ ಓಡುವುದು 333 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 33.3 ಕೋಟಿ ಟಿಕ್. ಪ್ರತಿ ಟಿಕ್‌ಗೆ ನಾಲ್ಕು ಸಲ ಡೇಟಾ ದಾಟಿಸುವ ಉಪಾಯವನ್ನು ಇಂಟೆಲ್ 2000ದಲ್ಲಿ ಪೆಂಟಿಯಂ 4 ಜೊತೆ ತಂದಿತು. 333ನ್ನು (ಸರಿಯಾಗಿ ಹೇಳಿದರೆ 333.33ನ್ನು) ನಾಲ್ಕರಿಂದ ಗುಣಿಸಿ 1333 ಅಂತ ಬರೆದರು. ಅದೇ ರೀತಿ 800ರ ಬಸ್ ಅಂದರೆ 200ರ ನಾಲ್ಕು ಪಟ್ಟು. ಮೋಸ ಅನ್ನುವಂತಿಲ್ಲ, ಡೇಟಾ ನಿಜವಾಗಿಯೂ ಅಷ್ಟು ಸಲ ದಾಟುತ್ತಿತ್ತು. ಆದರೆ ದೊಡ್ಡ ಅಂಕಿ ಕಂಡರೆ ಗಿರಾಕಿ ಖುಷಿಯಾಗುತ್ತಾನೆ ಅನ್ನುವುದು ಕಂಪನಿಯವರಿಗೂ ಗೊತ್ತಿತ್ತು.

ಒಂದು ಸಲಕ್ಕೆ ದಾಟುವುದು 64 ಬಿಟ್, ಅಂದರೆ 8 ಬೈಟ್. 1333ರ ಬಸ್ಸಿನಲ್ಲಿ ಸೆಕೆಂಡಿಗೆ ಸುಮಾರು 10.6 ಜಿಬಿ ಬರುತ್ತದೆ. 800ರ ಬಸ್ಸಿನಲ್ಲಿ 6.4 ಜಿಬಿ. ಟಂಟಂ ಎಷ್ಟು ಟ್ರಿಪ್ ಹೊಡೆಯಿತು, ಒಂದು ಟ್ರಿಪ್‌ಗೆ ಎಷ್ಟು ಚೀಲ ತಂದಿತು, ಎರಡನ್ನೂ ಗುಣಿಸಿದರೆ ದಿನಕ್ಕೆ ಮಿಲ್ಲಿಗೆ ಬಂದ ಮಾಲು. ಇಷ್ಟೇ ಲೆಕ್ಕ. ಬರೀ ಟ್ರಿಪ್ ಎಣಿಸಿದರೆ ಏನೂ ಗೊತ್ತಾಗುವುದಿಲ್ಲ.

ಹಾಗಾದರೆ 800ರ ಬಸ್ಸಿಗಿಂತ 1333ರ ಬಸ್ ಇರುವ ಕಂಪ್ಯೂಟರ್ ಒಂದೂವರೆ ಪಟ್ಟಿಗೂ ಜಾಸ್ತಿ ವೇಗವಾಗಿ ಓಡಬೇಕಿತ್ತು, ಅಲ್ವಾ? ಓಡುವುದಿಲ್ಲ. ಯಾಕೆ ಅನ್ನುವುದಕ್ಕೆ ಆ ಸಣ್ಣ ರಾಶಿಯ ಹತ್ತಿರ ಹೋಗಬೇಕು.

3 ಗಿಗಾಹರ್ಟ್ಸ್ ಪ್ರೊಸೆಸರಿನಲ್ಲಿ ಸೆಕೆಂಡಿಗೆ 300 ಕೋಟಿ ಟಿಕ್. ತನ್ನ ಪಕ್ಕದಲ್ಲೇ ಇರುವ ಮೊದಲ ಕ್ಯಾಶ್‌ನಿಂದ ಏನಾದರೂ ಎತ್ತಿಕೊಳ್ಳಲು ಅದಕ್ಕೆ ಸುಮಾರು 4 ಟಿಕ್ ಸಾಕು. ರ‍್ಯಾಮ್‌ವರೆಗೆ ಹೋಗಿ ತರಬೇಕಾದರೆ ಸುಮಾರು 200 ಟಿಕ್ ಬೇಕು. ಇದನ್ನು ನಮ್ಮ ಅಳತೆಗೆ ಹಿಗ್ಗಿಸೋಣ. ಯಂತ್ರದ ಪಕ್ಕದ ರಾಶಿಯಿಂದ ಒಂದು ಹಿಡಿ ತೊಗರಿ ಎತ್ತಿ ಹಾಕಲು 1 ಸೆಕೆಂಡ್ ಅಂದುಕೊಂಡರೆ, ಗೋದಾಮಿನಿಂದ ತರಿಸಲು 50 ಸೆಕೆಂಡ್. ದೊಡ್ಡ ವ್ಯತ್ಯಾಸವೇ. ಅದಕ್ಕೇ ಪ್ರೊಸೆಸರ್ ಮಾಡುವವರು ರಾಶಿ ಖಾಲಿಯಾಗದಂತೆ ನೋಡಿಕೊಳ್ಳಲು ಇಷ್ಟು ಕಷ್ಟಪಡುತ್ತಾರೆ. ಇ8400ರಲ್ಲಿ 6 ಎಂಬಿ ಎರಡನೇ ಹಂತದ ಕ್ಯಾಶ್ ಇದೆ. ಈಗಷ್ಟೇ ಬಳಸಿದ್ದು ಮತ್ತೆ ಬೇಕಾಗುತ್ತದೆ, ಅದರ ಪಕ್ಕದ್ದೂ ಬೇಕಾಗುತ್ತದೆ ಅನ್ನುವ ಅಂದಾಜಿನ ಮೇಲೆ ಡೇಟಾವನ್ನು ಮೊದಲೇ ತಂದು ಇಟ್ಟುಕೊಳ್ಳುತ್ತದೆ. ಬಿಲ್ ಬರೆಯುವುದು, ಪತ್ರ ಟೈಪ್ ಮಾಡುವುದು ಇಂಥ ಸಾಮಾನ್ಯ ಕೆಲಸಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಲ ಬೇಕಾದದ್ದು ರಾಶಿಯಲ್ಲೇ ಸಿಕ್ಕಿಬಿಡುತ್ತದೆ. ಆಗ ಟಂಟಂ ರಸ್ತೆಯಲ್ಲಿ ಹೋಗುತ್ತಿದೆಯೋ, ಹೋಟೆಲ್ ಮುಂದೆ ನಿಂತಿದೆಯೋ ಯಾರಿಗೂ ಗೊತ್ತಾಗುವುದಿಲ್ಲ.

ಲೆಕ್ಕ ಹಾಕಿಯೇ ನೋಡಿ. ಒಂದು ಕೆಲಸಕ್ಕೆ 100 ಸೆಕೆಂಡ್ ಬೇಕು. ಅದರಲ್ಲಿ ಬಸ್ಸಿಗಾಗಿ ಕಾಯುವುದು 10 ಸೆಕೆಂಡ್, ಉಳಿದ 90 ಯಂತ್ರದ ದುಡಿಮೆ. 800ರ ಬಸ್ ತೆಗೆದು 1333ರದ್ದು ಹಾಕಿದರೆ ಆ 10 ಸೆಕೆಂಡ್ 6 ಆಗುತ್ತದೆ. ಒಟ್ಟು 96. ಬಸ್ ಮೂರರಲ್ಲಿ ಎರಡು ಪಾಲು ಜಾಸ್ತಿಯಾಯಿತು, ಉಳಿತಾಯವಾದದ್ದು 4 ಸೆಕೆಂಡ್. ಬಸ್ಸನ್ನು ಮಾಯೆಯಂತೆ ಅನಂತ ವೇಗಕ್ಕೆ ಏರಿಸಿದರೂ 90ಕ್ಕಿಂತ ಕೆಳಗೆ ಇಳಿಯುವುದಿಲ್ಲ. 1967ರಲ್ಲಿ ಜೀನ್ ಆಮ್ಡಾಲ್ ಅನ್ನುವ ಎಂಜಿನಿಯರ್ ಮುಂದಿಟ್ಟ ವಾದವೂ ಇದೇ ಜಾತಿಯದ್ದು. ಅವರು ಹೇಳಿದ್ದು ಹಲವು ಪ್ರೊಸೆಸರುಗಳನ್ನು ಒಟ್ಟಿಗೆ ದುಡಿಸುವ ಬಗ್ಗೆ. ಆದರೆ ಗಣಿತ ಅದೇ.

ಇನ್ನೊಂದು ವಿಷಯವಿದೆ. ನನ್ನ ಪ್ರಕಾರ ಜನ ಹೆಚ್ಚು ಎಡವುವುದು ಇಲ್ಲೇ. ದಾರಿ ಅಗಲವಾಗುವುದು ಬೇರೆ, ಹತ್ತಿರವಾಗುವುದು ಬೇರೆ. ಗಂಜ್‌ನಿಂದ ಕಪನೂರಕ್ಕೆ ರಸ್ತೆಯನ್ನು ಎರಡು ಲೇನ್ ಇದ್ದದ್ದು ನಾಲ್ಕು ಮಾಡಿದರೆ ದಿನಕ್ಕೆ ಎರಡು ಪಟ್ಟು ಚೀಲ ಬರಬಹುದು. ಆದರೆ ಈಗ ಬೇಕು ಅಂತ ಫೋನ್ ಮಾಡಿದ ಒಂದೇ ಒಂದು ಚೀಲ ಬರಲು ಮೊದಲಿನಷ್ಟೇ ಹೊತ್ತು ಬೇಕು. ಗೋದಾಮು ಇದ್ದಲ್ಲೇ ಇದೆಯಲ್ಲ.

ರ‍್ಯಾಮ್‌ನ ಸ್ಟಿಕ್ಕರಿನಲ್ಲಿ 'ಸಿಎಲ್' ಅಂತ ಒಂದು ಅಂಕಿ ಇರುತ್ತದೆ. ಯಾರೂ ಓದುವುದಿಲ್ಲ, ಆದರೆ ಕಥೆಯೆಲ್ಲ ಅದರಲ್ಲಿದೆ. ಕೇಳಿದ ಮೇಲೆ ಮೊದಲ ಡೇಟಾ ಹೊರಬರಲು ಎಷ್ಟು ಟಿಕ್ ಅನ್ನುವುದನ್ನು ಅದು ಹೇಳುತ್ತದೆ. ಡಿಡಿಆರ್ ಅನ್ನುವುದು ರ‍್ಯಾಮ್‌ನ ಜಾತಿ, ಅದರ ಮುಂದಿನ 2, 3, 4 ಪೀಳಿಗೆ, ಕೊನೆಯ ಅಂಕಿ ವೇಗ. ಡಿಡಿಆರ್2-800, ಸಿಎಲ್ 6 ಇದ್ದರೆ ಲೆಕ್ಕ 15 ನ್ಯಾನೊಸೆಕೆಂಡ್. ಡಿಡಿಆರ್3-1333, ಸಿಎಲ್ 9 ಇದ್ದರೆ 13.5. ಡಿಡಿಆರ್4-3200, ಸಿಎಲ್ 22 ಇದ್ದರೆ 13.75. ನೋಡಿ, 800ರಿಂದ 3200ಕ್ಕೆ ಬಂದೆವು. ಅಗಲ ನಾಲ್ಕು ಪಟ್ಟು. ಕಾಯುವ ಹೊತ್ತು ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಸಾಲಾಗಿ ರಾಶಿ ರಾಶಿ ಡೇಟಾ ಎಳೆಯುವ ಕೆಲಸಕ್ಕೆ ಅಗಲ ಬೇಕು. ವಿಡಿಯೊ ಎಡಿಟಿಂಗ್, ದೊಡ್ಡ ಫೋಟೋ, ಗೇಮ್ ಇವೆಲ್ಲ ಆ ಪೈಕಿ. ಅಲ್ಲೊಂದು ಇಲ್ಲೊಂದು ಹುಡುಕಿ ತರುವ ಕೆಲಸಕ್ಕೆ ಅಗಲದಿಂದ ಅಂಥ ಲಾಭವಿಲ್ಲ. ಲೆಡ್ಜರಿನಲ್ಲಿ ಒಬ್ಬ ರೈತನ ಹೆಸರು ಹುಡುಕುವುದು ಈ ಎರಡನೇ ಥರದ್ದು.

ಹಾಗಂತ ಬಸ್ ಸ್ಪೀಡ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಒಂದು ಕಾಲದಲ್ಲಿ ಅದು ನಿಜವಾಗಿ ಕೊರಳು ಹಿಡಿಯುತ್ತಿತ್ತು. ಪೆಂಟಿಯಂ 4 ಒಳ್ಳೆಯ ಉದಾಹರಣೆ. 2002ರ ಕೊನೆಯಲ್ಲಿ 3.06 ಗಿಗಾಹರ್ಟ್ಸ್‌ನದ್ದು 533ರ ಬಸ್ಸಿನೊಂದಿಗೆ ಬಂತು. 2003ರಲ್ಲಿ 3.0 ಗಿಗಾಹರ್ಟ್ಸ್‌ನದ್ದು 800ರ ಬಸ್ಸಿನೊಂದಿಗೆ ಬಂತು. ಕ್ಲಾಕ್ ಒಂದು ಕೂದಲು ಕಡಿಮೆ, ಬಸ್ ಅರ್ಧದಷ್ಟು ಜಾಸ್ತಿ. ಎರಡರ ಕ್ಯಾಶ್ ಕೂಡ ಒಂದೇ, ಬರೀ 512 ಕೆಬಿ. ರಾಶಿ ಸಣ್ಣದು, ಯಂತ್ರದ ಹಸಿವು ದೊಡ್ಡದು. ಹಾಗಾಗಿ 800ರದ್ದೇ ಹೆಚ್ಚಿನ ಕೆಲಸಗಳಲ್ಲಿ ಮುಂದೆ ಬಂತು. ಆದರೆ ಬಸ್ ಅರ್ಧದಷ್ಟು ಹೆಚ್ಚಿದ್ದಕ್ಕೆ ವೇಗವೂ ಅರ್ಧದಷ್ಟು ಹೆಚ್ಚಲಿಲ್ಲ, ಅದರ ಹತ್ತಿರಕ್ಕೂ ಹೋಗಲಿಲ್ಲ.

ಬಸ್ಸಿಗೆ ಇಲ್ಲದ ಕೀರ್ತಿ ಬಂದದ್ದಕ್ಕೆ ಇನ್ನೊಂದು ಕಾರಣವೂ ಇದೆ ಅಂತ ನನ್ನ ಅನುಮಾನ. 1998ರಲ್ಲಿ ಸೆಲೆರಾನ್ 300ಎ ಅಂತ ಒಂದು ಅಗ್ಗದ ಚಿಪ್ ಬಂತು. ಅದರ ಬಸ್ 66 ಮೆಗಾಹರ್ಟ್ಸ್. ಜನ ಅದನ್ನು 100ಕ್ಕೆ ಏರಿಸಿ ಓಡಿಸಿದರು, ಚಿಪ್ ಸುಮ್ನೆ ಒಪ್ಪಿಕೊಂಡು ಓಡಿತು. ದುಬಾರಿ ಪೆಂಟಿಯಂ 2ರ ಸಮಕ್ಕೆ ನಿಂತಿತು. ಬಸ್ ಏರಿಸಿದೆ, ಕಂಪ್ಯೂಟರ್ ಹಾರಿತು ಅಂತ ಎಲ್ಲರೂ ಹೇಳಿಕೊಂಡರು. ನಿಜ ಸಂಗತಿ ಏನೆಂದರೆ ಪ್ರೊಸೆಸರಿನ ಒಳಗಿನ ಕ್ಲಾಕ್ ಅಂದರೆ ಬಸ್ಸಿನ ಕ್ಲಾಕ್‌ನ ಇಂತಿಷ್ಟು ಪಟ್ಟು. ಆ ಚಿಪ್‌ನಲ್ಲಿ ಅದು ನಾಲ್ಕೂವರೆ ಪಟ್ಟು. ಬಸ್ 100 ಆದಾಗ ಯಂತ್ರವೇ 300ರಿಂದ 450ಕ್ಕೆ ಏರಿತು. ದುಡಿದದ್ದು ಯಂತ್ರ, ಹೆಸರು ಬಂದದ್ದು ರಸ್ತೆಗೆ.

ಫ್ರಂಟ್ ಸೈಡ್ ಬಸ್ ನಿಜಕ್ಕೂ ಸೋತದ್ದು ಕೋರ್‌ಗಳು, ಅಂದರೆ ಒಂದೇ ಪ್ರೊಸೆಸರಿನೊಳಗೆ ದುಡಿಯುವ ಯಂತ್ರಗಳು, ಜಾಸ್ತಿಯಾದಾಗ. ಕೋರ್ 2 ಕ್ವಾಡ್‌ನಲ್ಲಿ ಎರಡೆರಡು ಕೋರಿನ ಎರಡು ಚಿಪ್‌ಗಳನ್ನು ಒಂದೇ ಡಬ್ಬಿಯಲ್ಲಿ ಕೂರಿಸಿದ್ದರು. ಈ ಜೋಡಿ ಆ ಜೋಡಿಯ ಜೊತೆ ಮಾತಾಡಬೇಕಾದರೂ ಹೊರಗಿನ ಬಸ್ಸಿಗೇ ಬರಬೇಕಿತ್ತು. ಒಂದೇ ಮನೆಯ ಅಣ್ಣತಮ್ಮಂದಿರು ನಡುವಿನ ಬಾಗಿಲು ಮುಚ್ಚಿ ಬೀದಿಗೆ ಬಂದು ಮಾತಾಡಿದ ಹಾಗೆ. ಆ ಹೊತ್ತಿಗೆ ರ‍್ಯಾಮ್ ಕೂಡ ಬಸ್ಸನ್ನು ಮೀರಿಸಿತ್ತು. ಡಿಡಿಆರ್2-800ರ ಎರಡು ಕಡ್ಡಿ ಜೋಡಿಯಾಗಿ ಹಾಕಿದರೆ ಸೆಕೆಂಡಿಗೆ 12.8 ಜಿಬಿ ಕೊಡಬಲ್ಲವು. 1333ರ ಬಸ್ಸಿಗೇ ಅದು ಜಾಸ್ತಿ. 800ರ ಬಸ್ಸಿನಲ್ಲಂತೂ ಅರ್ಧವೇ ದಾಟುತ್ತಿತ್ತು. ಗೋದಾಮಿಗೆ ಎರಡು ಬಾಗಿಲು, ರಸ್ತೆ ಮಾತ್ರ ಒಂದೇ.

ಇದಕ್ಕೆ ಉಪಾಯ ರಸ್ತೆ ಅಗಲ ಮಾಡುವುದಾಗಿರಲಿಲ್ಲ. ಗೋದಾಮಿನ ಲೆಕ್ಕ ನೋಡುವ ಗುಮಾಸ್ತನನ್ನು ಮಿಲ್ಲಿನೊಳಗೇ ತಂದು ಕೂರಿಸುವುದಾಗಿತ್ತು. ಅಲ್ಲಿಯವರೆಗೆ ಆ ಗುಮಾಸ್ತ, ಅಂದರೆ ಮೆಮೊರಿ ಕಂಟ್ರೋಲರ್, ಪ್ರೊಸೆಸರಿನ ಹೊರಗೆ, ನಾರ್ತ್ ಬ್ರಿಡ್ಜ್ ಅನ್ನುವ ಬೇರೆ ಚಿಪ್‌ನಲ್ಲಿ ಇರುತ್ತಿತ್ತು. 2003ರಲ್ಲಿ ಇಂಟೆಲ್‌ನ ಪೈಪೋಟಿ ಕಂಪನಿ ಎಎಂಡಿ ಅದನ್ನು ಆಪ್ಟೆರಾನ್ ಮತ್ತು ಅಥ್ಲಾನ್ 64 ಪ್ರೊಸೆಸರುಗಳ ಒಳಗೇ ಇಟ್ಟಿತು. ಇಂಟೆಲ್ ಐದು ವರ್ಷ ತಡವಾಗಿ, 2008ರ ನವೆಂಬರಿನಲ್ಲಿ ಮೊದಲ ಕೋರ್ ಐ7 ಜೊತೆ ಅದೇ ದಾರಿಗೆ ಬಂತು. ಮುಂದೆ ಕೋರ್ ಐ ಸರಣಿಯಲ್ಲಿ ಫ್ರಂಟ್ ಸೈಡ್ ಬಸ್ ಅನ್ನುವುದೇ ಉಳಿಯಲಿಲ್ಲ. ರ‍್ಯಾಮ್ ನೇರವಾಗಿ ಪ್ರೊಸೆಸರಿಗೆ ಮಾತಾಡುತ್ತದೆ.

ಮತ್ತೆ ಚೀಟಿಯ ಮೇಲಿನ 5 ಜಿಟಿ (ಗಿಗಾಟ್ರಾನ್ಸ್‌ಫರ್, ಅಂದರೆ ಸೆಕೆಂಡಿಗೆ 500 ಕೋಟಿ ಸಲ ದಾಟುವುದು) ಯಾವುದು? ಅದು ಬೇರೆ ರಸ್ತೆ. ಡಿಎಂಐ ಅಂತ ಹೆಸರು. ಪ್ರೊಸೆಸರಿನಿಂದ ಚಿಪ್‌ಸೆಟ್‌ಗೆ ಹೋಗುವ ದಾರಿ ಅದು. ಹಾರ್ಡ್ ಡಿಸ್ಕ್, ಯುಎಸ್‌ಬಿ, ನೆಟ್‌ವರ್ಕ್ ಇವುಗಳ ಸಾಮಾನು ಅದರ ಮೇಲೆ ಬರುತ್ತದೆ. ಅದರಲ್ಲಿ ನಾಲ್ಕು ಲೇನ್, ಒಂದೊಂದು ಲೇನಿನಲ್ಲಿ ಸೆಕೆಂಡಿಗೆ 500 ಕೋಟಿ ಬಿಟ್. ಅದರಲ್ಲಿ ಪ್ರತಿ 10 ಬಿಟ್‌ಗೆ 2 ಬಿಟ್ ದಾರಿಖರ್ಚು. ಒಟ್ಟು ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 2 ಜಿಬಿ. ಹಾಗಾದರೆ 10.6ರ ಮುಂದೆ 2 ಕಡಿಮೆಯಾಯಿತಲ್ಲ ಅಂದರೆ, ಹೋಲಿಸುವುದೇ ತಪ್ಪು. ಐ5-2400ರಲ್ಲಿ ರ‍್ಯಾಮ್‌ನ ದಾರಿ ಬೇರೆಯೇ ಇದೆ. ಡಿಡಿಆರ್3-1333ರ ಜೋಡಿ ಹಾಕಿದರೆ ಸೆಕೆಂಡಿಗೆ 21 ಜಿಬಿ. ಅದನ್ನು ಚೀಟಿಯಲ್ಲಿ ಬರೆದೇ ಇಲ್ಲ.

ಒಂದು ಸಣ್ಣ ಪರೀಕ್ಷೆ ಸಾಕು ಈ ಅಂಕಿಯ ಬೆಲೆ ತಿಳಿಯಲು. ಅದೇ ಪೀಳಿಗೆಯ ಐ3-2100ರಲ್ಲಿ ಎರಡು ಕೋರ್, 3 ಎಂಬಿ ಕ್ಯಾಶ್. ಐ7-2600ರಲ್ಲಿ ನಾಲ್ಕು ಕೋರ್, 8 ಎಂಬಿ ಕ್ಯಾಶ್. ಒಂದು ಸಾದಾ, ಇನ್ನೊಂದು ಆ ಕಾಲದ ದೊಡ್ಡ ಕುದುರೆ. ಎರಡರ ಬಸ್ ಸ್ಪೀಡೂ 5 ಜಿಟಿ! ಅಂಗಡಿಯವನ ಮಾತು ನಿಜವಾಗಿದ್ದರೆ ಎರಡೂ ಒಂದೇ ಸಮ ಓಡಬೇಕಿತ್ತು.

ಸಂಜೆ ಅಂಗಡಿಗೆ ಹೋದಾಗ ಅಳಿಯನಿಗೆ ಇಷ್ಟೆಲ್ಲ ಹೇಳಲಿಲ್ಲ. "ಎರಡೂ ಬಿಚ್ಚಿ ತೋರಿಸ್ರಿ" ಅಂತ ಅಂಗಡಿಯವನಿಗೆ ಹೇಳಿದೆ. ಐ5 ಡಬ್ಬದೊಳಗೆ ಫ್ಯಾನಿನ ರೆಕ್ಕೆಗಳ ಮೇಲೆ ಬೂದು ಬಣ್ಣದ ಧೂಳು ಕಂಬಳಿಯಂತೆ ಕೂತಿತ್ತು. ಒಂದೇ ಒಂದು 4 ಜಿಬಿ ರ‍್ಯಾಮ್ ಕಡ್ಡಿ. ಕೆಳಗೆ ಹಳೆಯ ಹಾರ್ಡ್ ಡಿಸ್ಕ್, 7200 ಆರ್‌ಪಿಎಂ. ನನಗೆ ಬೇಕಾದ ಉತ್ತರ ಆ ಡಿಸ್ಕಿನಲ್ಲೇ ಇತ್ತು.

ನಿಮಿಷಕ್ಕೆ 7200 ಸುತ್ತು ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಸೂಜಿ ಆ ಕಡೆ ಈ ಕಡೆ ಸರಿಯುವ ಹೊತ್ತು ಬಿಟ್ಟುಬಿಡಿ. ಬರೀ ಆ ಅರ್ಧ ಸುತ್ತಿನಲ್ಲಿ 3 ಗಿಗಾಹರ್ಟ್ಸ್ ಪ್ರೊಸೆಸರಿನ 1 ಕೋಟಿ 25 ಲಕ್ಷ ಟಿಕ್ ಕಳೆದುಹೋಗುತ್ತವೆ. ನಮ್ಮ ಮಿಲ್ಲಿನ ಅಳತೆಯಲ್ಲಿ ಹೇಳುವುದಾದರೆ: ಪಕ್ಕದ ರಾಶಿಯಿಂದ 1 ಸೆಕೆಂಡ್, ಗೋದಾಮಿನಿಂದ 50 ಸೆಕೆಂಡ್, ಹಳ್ಳಿಯಿಂದ ತರಿಸಲು 36 ದಿನ! ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಡೇಟಾ ಇಡುವ ಡಿಸ್ಕ್, ಹಾಕಿದರೆ ಅದೇ ಕೆಲಸ ಒಂದು ದಿನದೊಳಗೆ ಮುಗಿಯುತ್ತದೆ. ರಾಶಿ, ಗೋದಾಮು ಎರಡರಲ್ಲೂ ಇಲ್ಲದ್ದಕ್ಕೆ ತಿಂಗಳುಗಟ್ಟಲೆ ಕಾಯುವ ಮಿಲ್ಲಿಗೆ ಗೋದಾಮಿನ ರಸ್ತೆ ಅಗಲ ಮಾಡಿಕೊಟ್ಟರೆ ಏನು ಬಂತು? ಕಂಪ್ಯೂಟರ್ ಸ್ಲೋ ಅಂತ ಜನ ಬೈಯುವಾಗ ಹತ್ತರಲ್ಲಿ ಎಂಟು ಸಲ ಅವರು ಬೈಯುತ್ತಿರುವುದು ಈ ಡಿಸ್ಕನ್ನು. ಇದು ನನ್ನ ಅಂದಾಜು, ಸರ್ವೆ ಅಲ್ಲ. ಇನ್ನೊಂದು ಕಾರಣ ರ‍್ಯಾಮ್ ಸಾಲದೇ ಇರುವುದು. ಗೋದಾಮು ತುಂಬಿದರೆ ವಿಂಡೋಸ್ ಉಳಿದ ಚೀಲಗಳನ್ನು ಮತ್ತೆ ಹಳ್ಳಿಗೇ ಕಳಿಸುತ್ತದೆ. ಬೇಕಾದಾಗ ಮತ್ತೆ ಅಲ್ಲಿಂದಲೇ ತರಿಸಬೇಕು.

ಕೊನೆಗೆ ತಗೊಂಡದ್ದು ಐ5 ಡಬ್ಬವನ್ನೇ. ಬಸ್ ನೋಡಿ ಅಲ್ಲ. ನಾಲ್ಕು ಕೋರ್ ಇದೆ, ರ‍್ಯಾಮ್ ಹಾಕಲು ನಾಲ್ಕು ಸ್ಲಾಟ್ ಇವೆ, ಡಿಡಿಆರ್3 ಕಡ್ಡಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸುಲಭವಾಗಿ ಸಿಗುತ್ತದೆ ಅಂತ. ಹಳೆಯದೇ, ವಿಂಡೋಸ್ 11ಕ್ಕೆ ಕಂಪನಿ ಒಪ್ಪುವ ಪಟ್ಟಿಯಲ್ಲಿ ಅದಿಲ್ಲ. ಅದನ್ನೇ ಹೇಳಿ ಒಂದಿಷ್ಟು ರೇಟ್ ಇಳಿಸಿದೆವು. ಉಳಿದ ದುಡ್ಡಿಗೆ ಒಂದು ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ಕಡ್ಡಿ ಬಂತು.

ಮೆಮೊರಿಯ ದಾರಿ ಈಗಲೂ ಲೆಕ್ಕಕ್ಕೆ ಬರುವ ಜಾಗಗಳು ಇಲ್ಲದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ನಲ್ಲೇ ಗೇಮ್ ಆಡುವವರಿಗೆ ಅದು ಮುಖ್ಯ. ಆ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಲ್ಲೇ ಪಾಲು ಕೇಳುತ್ತದೆ. ಅಂಥವರು 8 ಜಿಬಿಯ ಒಂದು ಕಡ್ಡಿ ಹಾಕುವ ಬದಲು 4 ಜಿಬಿಯ ಎರಡು ಹಾಕಿದರೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಆಗುತ್ತದೆ. ಎಎಂಡಿಯ ರೈಜನ್ ಚಿಪ್‌ಗಳಲ್ಲಿ, ಮುಖ್ಯವಾಗಿ 2017ರಿಂದ ಬಂದ ಮೊದಲ ಪೀಳಿಗೆಗಳಲ್ಲಿ, ಒಳಗಿನ ಭಾಗಗಳನ್ನು ಜೋಡಿಸುವ ದಾರಿಯ ವೇಗ ರ‍್ಯಾಮ್‌ನ ವೇಗಕ್ಕೆ ಕಟ್ಟಿಕೊಂಡಿತ್ತು. ಅಲ್ಲೂ ವೇಗದ ರ‍್ಯಾಮ್‌ಗೆ ಸ್ವಲ್ಪ ಜಾಸ್ತಿ ಬೆಲೆ ಕೊಟ್ಟದ್ದು ದಂಡವಾಗುತ್ತಿರಲಿಲ್ಲ.

ಮರುದಿನ ಗಂಜ್‌ನ ಆಫೀಸಿನಲ್ಲಿ ಅಳಿಯ ತಾನೇ ಎರಡನೇ ಕಡ್ಡಿ ಕೂರಿಸಿದ. ಎಸ್‌ಎಸ್‌ಡಿಯಿಂದ ವಿಂಡೋಸ್ ಎದ್ದು ಬಂದ ಸ್ಪೀಡ್ ನೋಡಿ, ಹೊರಗೆ ಚೀಲ ಹೊಲಿಯುತ್ತಿದ್ದವರನ್ನೂ ಕರೆದು ತೋರಿಸಿದ. ನಾನು ಒಳಗೆ ಏನೇನಿದೆ ಅಂತ ತೋರಿಸುವ ಸಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್ ತೆಗೆದು ಮೆಮೊರಿ ಪುಟ ನೋಡಿದೆ. ಚಾನೆಲ್: ಸಿಂಗಲ್ ಅಂತಿತ್ತು. ಎರಡೂ ಕಡ್ಡಿಗಳು ಒಂದೇ ಚಾನೆಲ್‌ನ, ಅಂದರೆ ಪ್ರೊಸೆಸರಿಗೆ ಹೋಗುವ ಒಂದೇ ದಾರಿಯ, ಸ್ಲಾಟ್‌ಗಳಲ್ಲಿ ಕೂತಿದ್ದವು. ಬಂದ್ ಮಾಡಿ, ಎರಡನೆಯದನ್ನು ತೆಗೆದು, ಮೊದಲನೆಯದರ ಬಣ್ಣದ್ದೇ ಇದ್ದ ಇನ್ನೊಂದು ಸ್ಲಾಟ್‌ಗೆ ಹಾಕಿದೆವು. ಮತ್ತೆ ಆನ್ ಮಾಡಿದಾಗ ಚಾನೆಲ್: ಡ್ಯುಯಲ್ ಅಂತ ಬಂತು. ರಸ್ತೆ ನಿಜವಾಗಿಯೂ ಎರಡು ಪಟ್ಟು ಅಗಲವಾಗಿತ್ತು.

ಅಳಿಯ ಬಿಲ್ಲಿಂಗ್ ತೆಗೆದ. ಒಂದು ಬಿಲ್ ಹೊಡೆದ, ಇನ್ನೊಂದು ಹೊಡೆದ. ಲೆಡ್ಜರ್ ಮೇಲೆ ಕೆಳಗೆ ಸರಿಸಿ ನೋಡಿದ.

"ಮಾಮಾ, ಏನೂ ಫರಕ್ ಇಲ್ಲಲ್ರೀ?"

"ಇಲ್ಲ" ಅಂದೆ. ಅವನು ಡಬ್ಬದ ಮುಚ್ಚಳದ ಸ್ಕ್ರೂ ತಿರುಗಿಸತೊಡಗಿದ.